ವೈರು ಕಡಿದರೆ ಯಂತ್ರ ನಿಲ್ಲಬೇಕು



ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯನ್ನು ನಾವೆಲ್ಲ ನೋಡಿದ್ದೇವೆ. ಹಸಿರು ಗುಂಡಿ ಒತ್ತಿದರೆ ಮೋಟರು ಓಡುತ್ತದೆ, ಕೆಂಪು ಗುಂಡಿ ಒತ್ತಿದರೆ ನಿಲ್ಲುತ್ತದೆ. ಆದರೆ ಎರಡರ ಒಳಗಿನ ಜೋಡಣೆ ಬೇರೆ ಬೇರೆ. ಯಾಕೆ ಗೊತ್ತಾ?

ಹಸಿರು ಗುಂಡಿಯ ಒಳಗೆ ತಂತಿಯ ದಾರಿ ಬಿಟ್ಟುಕೊಂಡಿರುತ್ತದೆ, ಒತ್ತಿದಾಗ ಕೂಡುತ್ತದೆ. ಅದು ಶುರು ಮಾಡಿಕೊಡುತ್ತದೆ ಅಷ್ಟೇ. ಕೆಂಪು ಗುಂಡಿ ಉಲ್ಟಾ. ಅದು ಯಾವಾಗಲೂ ಕೂಡಿಕೊಂಡೇ ಇರುತ್ತದೆ, ಒತ್ತಿದಾಗ ಬಿಡುತ್ತದೆ. ಅದರ ಮೂಲಕ ಹೋಗುವ ಕರೆಂಟು ಸ್ಟಾರ್ಟರಿನ ಕಾಯಿಲನ್ನು ವಿದ್ಯುತ್ಕಾಂತ ಮಾಡುತ್ತದೆ. ಆ ಕಾಂತ ಹಿಡಿದಿರುವ ತನಕ ಮೋಟರು ಓಡುತ್ತದೆ.

ಒಂದು ಆಟ ಆಡಿ ನೋಡಿ. ಐದು ಜನ ಕೈ ಕೈ ಹಿಡಿದು ಸಾಲಾಗಿ ನಿಲ್ಲಿ. ಎಲ್ಲರೂ ಹಿಡಿದಿದ್ದರೆ ಯಂತ್ರ ಓಡುತ್ತಿದೆ ಅಂತ ಲೆಕ್ಕ. ಯಾರು ಕೈ ಬಿಟ್ಟರೂ ನಿಂತಿತು. ಬೇಕಂತ ಬಿಟ್ಟರೂ ಅಷ್ಟೇ, ಜಾರಿ ಬಿಟ್ಟರೂ ಅಷ್ಟೇ. ಹಾಗೆಯೇ ಇಲಿ ಕಡಿದು ಕೆಂಪು ಗುಂಡಿಯ ವೈರು ತುಂಡಾದರೆ ಮೋಟರು ತಾನಾಗಿ ನಿಲ್ಲುತ್ತದೆ. ಜೋಡಣೆ ಹೀಗಿರದಿದ್ದರೆ? ವೈರು ತುಂಡಾದದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಅಪಾಯ ಬಂದಾಗ ಎಷ್ಟು ಒತ್ತಿದರೂ ಮೋಟರು ನಿಲ್ಲುತ್ತಿರಲಿಲ್ಲ!

ದೊಡ್ಡ ಕಾರ್ಖಾನೆಗಳಲ್ಲೂ ಇದೇ ನಿಯಮ. ಅಲ್ಲಿ ಯಂತ್ರಗಳನ್ನು ನಡೆಸಲು ಪಿ.ಎಲ್.ಸಿ. ಎಂಬ ಗಣಕಯಂತ್ರ ಇರುತ್ತದೆ. 1968ರಲ್ಲಿ ಅಮೆರಿಕದ ಎಂಜಿನಿಯರ್ ಡಿಕ್ ಮಾರ್ಲಿ ಇದನ್ನು ಯೋಚಿಸಿದರು. ಇದಕ್ಕೆ ವೈರಿಂಗ್ ಮಾಡುವಾಗ ಪಾಲಿಸುವ ನಿಯಮಗಳು:

1. ಅಪಾಯದ ಕೆಂಪು ಗುಂಡಿ ಅಣಬೆಯ ಆಕಾರದಲ್ಲಿರುತ್ತದೆ. ಅದು ಪಿ.ಎಲ್.ಸಿ.ಗೆ ಸುದ್ದಿ ಕೊಟ್ಟರೆ ಸಾಲದು, ಮೋಟರಿಗೆ ಹೋಗುವ ಕರೆಂಟನ್ನು ನೇರವಾಗಿ ಕಡಿಸಬೇಕು. ಯಾಕಂದರೆ ಪಿ.ಎಲ್.ಸಿ.ಯೇ ಕೆಟ್ಟು ಹೋಗಬಹುದು.

2. ಆ ಗುಂಡಿ ಒತ್ತಿದರೆ ಒಳಗೇ ನಿಲ್ಲಬೇಕು. ಅದನ್ನು ಬಿಡಿಸಿದ ಮಾತ್ರಕ್ಕೆ ಯಂತ್ರ ಓಡಬಾರದು. ಮತ್ತೆ ಹಸಿರು ಗುಂಡಿ ಒತ್ತಲೇಬೇಕು.

3. ಗುಂಡಿಯಿಂದ ಪಿ.ಎಲ್.ಸಿ.ಗೆ ಸುದ್ದಿ ಒಯ್ಯುವ ವೈರಿನಲ್ಲಿ ಸಾಮಾನ್ಯವಾಗಿ 24 ವೋಲ್ಟ್, ಮೂರು ಫೇಸಿನ ಮೋಟರಿನ ವೈರಿನಲ್ಲಿ 415 ವೋಲ್ಟ್. ಎರಡನ್ನೂ ಒಂದೇ ಪೈಪಿನಲ್ಲಿ ಎಳೆಯಬಾರದು. ಎಳೆದರೆ ಸಣ್ಣ ವೈರಿನಲ್ಲಿ ಸುಳ್ಳು ಸುದ್ದಿ ಹುಟ್ಟಬಹುದು.

4. ಕಬ್ಬಿಣದ ಪೆಟ್ಟಿಗೆಗೆ ಅರ್ತಿಂಗ್ ಇರಲೇಬೇಕು.

ಇನ್ನು ನಮ್ಮ ತೋಟದ ಮಾತು. ಕೆಂಪು ಗುಂಡಿ ಮೋಟರನ್ನು ನಿಲ್ಲಿಸುತ್ತದೆ ನಿಜ, ಆದರೆ ಪೆಟ್ಟಿಗೆಯೊಳಗೆ ಕರೆಂಟು ಇದ್ದೇ ಇರುತ್ತದೆ. ಕರೆಂಟು ಹೋಗಿದೆ ಅಂತ ನಂಬಿಯೂ ಕೈ ಹಾಕಬಾರದು. ಆಟೋ ಸ್ಟಾರ್ಟರ್ ಇದ್ದರೆ ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಮೋಟರು ತಾನೇ ಓಡುತ್ತದೆ. ಆದ್ದರಿಂದ ರಿಪೇರಿಗೆ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸು ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಈ ಕೆಲಸ ತಿಳಿದ ದೊಡ್ಡವರದು. ನಾವು ಮಕ್ಕಳು ಪೆಟ್ಟಿಗೆ ಮುಟ್ಟುವುದು ಬೇಡ. ಆದರೆ ಮನೆಯಲ್ಲಿ ಯಾರೇ ರಿಪೇರಿಗೆ ಹೊರಟರೂ "ಮೇನ್ ಆಫ್ ಮಾಡಿದ್ರಾ?" ಅಂತ ಒಂದು ಮಾತು ಕೇಳೋಣ. ಕೇಳಿದ್ದಕ್ಕೆ ಬೈದರೂ ಪರವಾಗಿಲ್ಲ, ಜೀವ ದೊಡ್ಡದು.

– 7ನೇ ತರಗತಿ