ಮೊಹರು ಬಿದ್ದ ಕ್ರಯಪತ್ರ, ಬಗೆಹರಿಯದ ಹಕ್ಕು

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಸಹಿ ಹಾಕಿ, ಹೆಬ್ಬೆಟ್ಟು ಒತ್ತಿ ಹೊರಬಂದರೆ ಮನೆ ತಮ್ಮದಾಯಿತೆಂದು ಕೊಂಡವರು ನಿರಾಳವಾಗುತ್ತಾರೆ. ಕಾನೂನಿನ ಲೆಕ್ಕ ಬೇರೆ. 1908ರ ನೋಂದಣಿ ಕಾಯ್ದೆಯಂತೆ ಮನೆಯ ಕ್ರಯಪತ್ರ ನೋಂದಣಿಯಾಗಲೇಬೇಕು, ನಿಜ. ಆದರೆ ಅಲ್ಲಿ ನೋಂದಣಿಯಾಗುವುದು ಪತ್ರ. ಮಾರುವವರ ಹಕ್ಕಿಗೆ ಸರ್ಕಾರ ಜಾಮೀನು ನಿಲ್ಲುವುದಿಲ್ಲ. ಮಾಲೀಕತ್ವದ ಮೂಲಪತ್ರ ತೋರಿಸದಿದ್ದರೆ ನೋಂದಣಿ ನಿರಾಕರಿಸಬಹುದೆಂದಿದ್ದ ತಮಿಳುನಾಡಿನ ನಿಯಮವೊಂದನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ರದ್ದುಮಾಡಿದ್ದೂ ಇದೇ ಕಾರಣಕ್ಕೆ: ಹಕ್ಕು ಯಾರದೆಂದು ತೀರ್ಮಾನಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ. ಹಾಗಾಗಿ ಅದನ್ನು ಪರಿಶೀಲಿಸುವ ಹೊಣೆ ಕೊಳ್ಳುವವರ ಮೇಲೇ ಬೀಳುತ್ತದೆ, ಅದೂ ಮುಂಗಡ ಕೊಡುವ ಮೊದಲೇ.

‘ಇ.ಸಿ. ಚೊಕ್ಕವಾಗಿದೆ, ಖಾತೆಯೂ ಹೆಸರಿಗಿದೆ, ಇನ್ನೇನು ನೋಡಬೇಕು?’ ಎನ್ನುವವರಿದ್ದಾರೆ. ಕರ್ನಾಟಕದ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ (ಇ.ಸಿ.) ಹೇಳುವುದು ನೋಂದಣಿಯಾದ ವ್ಯವಹಾರಗಳನ್ನಷ್ಟೇ. ನೋಂದಣಿಯಾಗದ ಉಯಿಲು, ನ್ಯಾಯಾಲಯದಲ್ಲಿರುವ ಪಾಲಿನ ದಾವೆ, ಸಹಿ ಹಾಕದ ಹೆಣ್ಣುಮಕ್ಕಳ ಪಾಲು ಅದರಲ್ಲಿ ಕಾಣುವುದಿಲ್ಲ. ಖಾತೆ ಇರುವುದು ಮುಖ್ಯವಾಗಿ ತೆರಿಗೆಗಾಗಿ. ಅದೊಂದೇ ಮಾಲೀಕತ್ವದ ಪುರಾವೆಯಾಗದು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ, ಅನುಮತಿಯಿಲ್ಲದ ಮಾರಾಟ 1978ರ ಪಿಟಿಸಿಎಲ್ ಕಾಯ್ದೆಯಡಿ ಅಸಿಂಧು. ನಡುವೆ ಎಷ್ಟೇ ಕ್ರಯಪತ್ರಗಳಾಗಿದ್ದರೂ ಉಪವಿಭಾಗಾಧಿಕಾರಿ ಜಮೀನನ್ನು ಹಿಂಪಡೆಯಬಲ್ಲರು. ಆದ್ದರಿಂದ ಮೂಲಪತ್ರದಿಂದ ಇಂದಿನವರೆಗಿನ ಪತ್ರಗಳ ಸರಪಣಿ, ವಂಶವೃಕ್ಷ, ಹಳೆಯ ಪಹಣಿ, ಭೂಪರಿವರ್ತನೆ ಆದೇಶ ಇವೆಲ್ಲವನ್ನೂ ಒಟ್ಟಿಗೆ ಓದಬೇಕು. ಸಾಮಾನ್ಯ ಅಧಿಕಾರ ಪತ್ರದ (ಜಿಪಿಎ) ಮೇಲಿನ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

ಬ್ಯಾಂಕು ಸಾಲ ಕೊಟ್ಟಿದೆ, ಅವರ ವಕೀಲರು ನೋಡಿರುತ್ತಾರೆ ಎಂಬ ವಾದಕ್ಕೆ ಸ್ವಲ್ಪ ಬಲವಿದೆ. ಆದರೆ ಆ ಅಭಿಪ್ರಾಯ ಬ್ಯಾಂಕಿನ ಸಾಲದ ಭದ್ರತೆಗಾಗಿ ಬರೆದದ್ದು. ಮನೆ ಕೈಬಿಟ್ಟುಹೋದರೂ ಸಾಲದ ಕಂತು ತಪ್ಪುವುದಿಲ್ಲ. ರಿಯಲ್ ಎಸ್ಟೇಟ್ ಕಾಯ್ದೆ ರೇರಾ ಇದೆಯಲ್ಲ ಎಂಬುದು ಇನ್ನೊಂದು ವಾದ. 2016ರ ಆ ಕಾಯ್ದೆಯಡಿ ನೋಂದಾಯಿತ ಕರಾರಿಲ್ಲದೆ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. ಜಮೀನಿನ ಹಕ್ಕಿನ ದೋಷದಿಂದ ನಷ್ಟವಾದರೆ ಪರಿಹಾರ ಕೊಡಬೇಕು, ಆ ಬೇಡಿಕೆಗೆ ಕಾಲಮಿತಿಯೂ ಇಲ್ಲ. ಇದು ದೊಡ್ಡ ರಕ್ಷಣೆಯೇ. ಆದರೆ ಅದು ಯೋಜನೆಯ ಬಿಲ್ಡರ್‌ನಿಂದ ಕೊಂಡವರಿಗೆ. ಒಬ್ಬರು ಕಟ್ಟಿಕೊಂಡು ವಾಸವಿದ್ದ ಹಳೆಯ ಮನೆಯನ್ನು ಕೊಂಡವರು ಸಿವಿಲ್ ನ್ಯಾಯಾಲಯಕ್ಕೇ ಅಲೆಯಬೇಕು.

ಖರ್ಚಿನ ಮಾತಿಗೆ ಬಂದರೆ, 60 ಲಕ್ಷದ ಮನೆಗೆ ಶೇ 5ರ ಮುದ್ರಾಂಕ ಶುಲ್ಕವೇ ಮೂರು ಲಕ್ಷ. ಅಷ್ಟು ಕಟ್ಟುವವರು ತಮ್ಮದೇ ವಕೀಲರ ಶುಲ್ಕದಲ್ಲಿ ಉಳಿತಾಯ ಹುಡುಕುವುದು ಜಾಣತನವಲ್ಲ. ಕ್ರಯದ ಕರಾರಿನಿಂದಷ್ಟೇ ಮನೆಯ ಮೇಲೆ ಹಕ್ಕು ಹುಟ್ಟುವುದಿಲ್ಲ. ಹಾಗಾಗಿ ಹಕ್ಕಿನಲ್ಲಿ ದೋಷ ಕಂಡರೆ ಮುಂಗಡ ಪೂರ್ತಿ ವಾಪಸ್ ಎಂಬ ಷರತ್ತನ್ನು ಅದರಲ್ಲಿ ಬರೆಸಿಕೊಳ್ಳಿ. ಆ ಸಾಲಿಗೆ ಒಪ್ಪದ ಮಾರಾಟಗಾರರಿದ್ದರೆ, ಅವರ ಪತ್ರಗಳನ್ನು ಇನ್ನೊಮ್ಮೆ ಓದಿಸಿ.