ಮನೆಯ ಬ್ಯಾರಲ್ ಮತ್ತು ಡೆಂಗ್ಯೂ ಜ್ವರ

ಜ್ವರದ ರೋಗಿಯನ್ನು ಕರೆತರುವ ಬಂಧುಗಳು ಸಾಮಾನ್ಯವಾಗಿ ಗಟಾರವನ್ನೋ ಆಲಮಟ್ಟಿಯ ಹಿನ್ನೀರನ್ನೋ ದೂರುತ್ತಾರೆ. ಆದರೆ ಡೆಂಗ್ಯೂ ಮತ್ತು ಚಿಕೂನ್‌ಗುನ್ಯ ಹರಡುವ ಈಡಿಸ್ ಸೊಳ್ಳೆ ಹೆಚ್ಚಾಗಿ ಮೊಟ್ಟೆಯಿಡುವುದು ನಾವು ತುಂಬಿಟ್ಟ ತಿಳಿನೀರಿನಲ್ಲಿ. 2006ರಲ್ಲಿ ಕರ್ನಾಟಕದಲ್ಲಿ 7 ಲಕ್ಷಕ್ಕೂ ಹೆಚ್ಚು ಜನರಿಗೆ ಚಿಕೂನ್‌ಗುನ್ಯ ತಗುಲಿರುವ ಶಂಕೆ ವ್ಯಕ್ತವಾಗಿತ್ತು. ಆಗ ಕೀಲು ಹಿಡಿದು ಮಲಗಿದವರಿಗೆ ಆ ನೋವು ಇನ್ನೂ ನೆನಪಿದ್ದೀತು.

ನಳದ ನೀರು ದಿನವೂ ಬರದ ಓಣಿಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಅದನ್ನು ಬಿಗಿಯಾಗಿ ಮುಚ್ಚಿಡಿ. ಮೊಟ್ಟೆ ಸೊಳ್ಳೆಯಾಗಿ ಹಾರಲು ಏಳೆಂಟು ದಿನ ಸಾಕು. ಅಲ್ಲದೆ ಮೊಟ್ಟೆಗಳು ಬ್ಯಾರಲ್‌ನ ಒಳಬದಿಗೆ ಅಂಟಿಕೊಂಡು, ನೀರಿಲ್ಲದಿದ್ದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದ್ದರಿಂದ ಬರೀ ನೀರು ಚೆಲ್ಲಿದರೆ ಸಾಲದು. ಒಳಬದಿಯನ್ನು ಗಸಗಸ ತಿಕ್ಕಿ ತೊಳೆದು, ಒಣಗಿಸಿ, ನಂತರ ತುಂಬಬೇಕು. ಸೋಮವಾರ ಎತ್ತುಗಳಿಗೆ ಬಿಡುವು ಕೊಡುತ್ತೇವಲ್ಲವೇ? ಹಾಗೆಯೇ ಬ್ಯಾರಲ್, ಹಂಡೆ, ಕೂಲರ್‌ಗಳಿಗೂ ವಾರಕ್ಕೊಂದು ದಿನ ಬಿಡುವು ಕೊಡಿ. ಮಾಳಿಗೆಯ ಮೇಲಿನ ಹಳೆಯ ಟೈರ್, ಒಡೆದ ಕೊಡಗಳನ್ನೂ ಒಮ್ಮೆ ನೋಡಿ.

ಈ ಸೊಳ್ಳೆ ಕಚ್ಚುವುದು ಹಗಲಿನಲ್ಲಿ. ರೋಗಿಯನ್ನು ಕಚ್ಚಿದ ಸೊಳ್ಳೆಯಿಂದಲೇ ಮನೆಯ ಇತರರಿಗೂ ರೋಗ ಹರಡುತ್ತದೆ. ಆದ್ದರಿಂದ ಜ್ವರ ಬಂದ ಮೊದಲ ವಾರ ರೋಗಿಯು ಹಗಲು ಮಲಗುವಾಗಲೂ ಸೊಳ್ಳೆಪರದೆ ಕಟ್ಟಿರಿ.

ಮೈಕೈ ನೋವೆಂದು ಅಂಗಡಿಯಿಂದ ಆಸ್ಪಿರಿನ್, ಬ್ರೂಫೆನ್ ತಂದು ಕೊಡಬೇಡಿ. ಡೆಂಗ್ಯೂ ಇದ್ದರೆ ರಕ್ತಸ್ರಾವವಾಗುವ ಅಪಾಯವಿದೆ. ವೈದ್ಯರು ಹೇಳಿದಷ್ಟು ಪ್ಯಾರಾಸಿಟಮಾಲ್ ಮಾತ್ರ ಕೊಡಿ. ಗಂಜಿ, ಎಳನೀರು ಆಗಾಗ ಕುಡಿಸಿ.

ಇನ್ನೊಂದು ಮಾತು. ಜ್ವರ ಇಳಿಯಿತೆಂದು ಅವಸರದಿಂದ ಊರಿಗೆ ಹೊರಡಬೇಡಿ. ಡೆಂಗ್ಯೂದಲ್ಲಿ ಜ್ವರ ಇಳಿದ ನಂತರದ ಒಂದೆರಡು ದಿನಗಳೇ ಹೆಚ್ಚು ಅಪಾಯದವು. ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಅಥವಾ ಮೂಗಿನಲ್ಲಿ ರಕ್ತ, ಕೈಕಾಲು ತಣ್ಣಗಾಗುವುದು ಕಂಡರೆ, ರಾತ್ರಿಯಾದರೂ ಸರಿ, ಕೂಡಲೇ ಆಸ್ಪತ್ರೆಗೆ ಕರೆತನ್ನಿರಿ.