ಪೋನಿಗೆ ಚಳಿಗಾಲದಲ್ಲಿ ಹುಲ್ಲೇ ಕಂಬಳಿ

ಬ್ರಿಟನ್ನಿನಂಥ ಚಳಿಯ ನಾಡಿನಲ್ಲಿ ಮಕ್ಕಳಿಗೆಂದು ಪೋನಿ ಸಾಕಿದ್ದೀರಾ? ಚಳಿ ಬಿತ್ತೆಂದು ಗಾಬರಿಬಿದ್ದು ಕಂಬಳಿ ಹೊದಿಸಬೇಡಿ. ಶೆಟ್ಲ್ಯಾಂಡ್‌ನಂಥ ತಳಿಗೆ ದಟ್ಟ ತುಪ್ಪಳ ತಾನಾಗಿ ಬೆಳೆಯುತ್ತದೆ. ಕೂದಲು ನಿಮಿರಿ ನಡುವೆ ಬೆಚ್ಚನೆಯ ಗಾಳಿಯನ್ನು ಹಿಡಿದಿಡುತ್ತದೆ. ಮೈ ನೆನೆದು, ಮೇಲೆ ಗಾಳಿಯೂ ಬೀಸಿದರೆ ಮಾತ್ರ ಕಷ್ಟ. ಹಾಗಾಗಿ ಮೂರು ಗೋಡೆಯ ಕೊಟ್ಟಿಗೆಯಾದರೂ ಇರಲಿ. ಮುದಿಯಾದ, ಬಡಕಲಾದ ಇಲ್ಲವೇ ಕೂದಲು ಕತ್ತರಿಸಿದ ಪೋನಿಗೆ ಹೊದಿಕೆ ಬೇಕೇ ಬೇಕು.

ಒಣಹುಲ್ಲು ಹೊಟ್ಟೆಯಲ್ಲಿ ಕರಗುವಾಗಲೇ ಮೈಗೆ ಕಾವು. 200 ಕಿಲೋ ತೂಗುವ ಪೋನಿಗೆ ದಿನಕ್ಕೆ 3ರಿಂದ 4 ಕಿಲೋ ಹುಲ್ಲು ಹಾಕಿ. ತೊಟ್ಟಿಯ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಬೆಳಿಗ್ಗೆ, ಸಂಜೆ ಒಡೆಯಿರಿ. ನೀರು ಸಾಲದಿದ್ದರೆ ತಿಂದದ್ದು ಕರುಳಲ್ಲಿ ಕಟ್ಟಿಕೊಂಡು ಜೀವಕ್ಕೇ ಕುತ್ತು ತರುವ ಹೊಟ್ಟೆನೋವು ಬರಬಹುದು. ಉಗುರುಬೆಚ್ಚಗಿನ ನೀರಿಟ್ಟರೆ ಹೆಚ್ಚು ಕುಡಿಯುತ್ತದೆ.

ತುಪ್ಪಳ ನೋಡಿ ಮೈತುಂಬಿಕೊಂಡಿದೆ ಎಂದು ಮೋಸಹೋಗಬೇಡಿ. ವಾರಕ್ಕೊಮ್ಮೆ ಕೂದಲೊಳಗೆ ಬೆರಳೂರಿ ಪಕ್ಕೆ ತಡವಿ. ಮೆತ್ತನೆಯ ಪದರದಡಿ ಎಲುಬು ಸಿಕ್ಕರೆ ಸರಿ. ಚೂಪಾಗಿ ಚುಚ್ಚಿದರೆ ಮೇವು ಹೆಚ್ಚಿಸಿ, ಎಲುಬೇ ಸಿಗದಿದ್ದರೆ ತಗ್ಗಿಸಿ. ಗೊರಸಿನಡಿ ಗಟ್ಟಿಯಾದ ಹಿಮದುಂಡೆಯನ್ನು ದಿನವೂ ಕೆರೆದು ತೆಗೆಯಿರಿ. ಸವಾರಿ ಇರಲಿ ಬಿಡಲಿ, 6ರಿಂದ 8 ವಾರಕ್ಕೊಮ್ಮೆ ಲಾಳ ಕಟ್ಟುವವರಿಂದ ಗೊರಸು ಕತ್ತರಿಸಿ ಸರಿಮಾಡಿಸಿ.